ದೊರೆ ಬಿಟ್ಟುಹೋದ ಪ್ಲೇಟು

ಒಣಗಿದ ಕರಿಮೆಣಸಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಒಬ್ಬ ಮುದಿ ಇಂಗ್ಲಿಷ್ ಗಾಯಕಿಯ ನೆನಪಾಗುತ್ತದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೂರ್ನಾಡಿನ ಹತ್ತಿರದ ಎಸ್ಟೇಟಿನಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದರು. ತೋಟ ಮಾರಿ ತನ್ನ ದೇಶಕ್ಕೆ ಹೊರಟ ಬಿಳಿ ದೊರೆ ರೆಕಾರ್ಡ್ ಪ್ಲೇಯರನ್ನೂ ಆ ಗಾಯಕಿಯ ಹೊಸ ದೊಡ್ಡ ಪ್ಲೇಟನ್ನೂ ಅಪ್ಪನಿಗೆ ಕೊಟ್ಟಿದ್ದ. ವೇಗ ಬದಲಿಸುವ ಕಡ್ಡಿ ಚಿಕ್ಕ ಪ್ಲೇಟುಗಳಿಗೆ ಬೇಕಾದ ಹೆಚ್ಚಿನ ವೇಗದಲ್ಲೇ ನಿಂತಿತ್ತು.

"ದೊರೆ ಇಟ್ಟ ಹಾಗೇ ಇರ್ಲಿ, ಯಾರೂ ಮುಟ್ಬೇಡಿ," ಎಂದಿದ್ದರು ಅಪ್ಪ.

ಹಾಗಾಗಿ ನಮ್ಮ ಮನೆಯಲ್ಲಿ ಆಕೆ ಎಳೆಯ ಹುಡುಗಿಯಂತೆ ಗಡಿಬಿಡಿಯಲ್ಲಿ ಹಾಡುತ್ತಿದ್ದಳು. ಅಜ್ಜಿಗೆ ಅದು ಸೇರುತ್ತಿರಲಿಲ್ಲ. "ಎಂತದು, ಬಸ್ಸು ತಪ್ಪಿಹೋಗ್ತದೆ ಅನ್ನೋ ಹಾಗೆ!" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ರೇಡಿಯೋದಲ್ಲಿ, ಇಂಗ್ಲಿಷ್ ಹಾಡುಗಳಲ್ಲಿ ಆ ವಾರ ಮೊದಲ ಸ್ಥಾನದಲ್ಲಿದೆಯೆಂದು ಆ ಪ್ಲೇಟಿನದೇ ಒಂದು ಹಾಡನ್ನು ಹಾಕಿದರು. ಸ್ವರ ಒಡೆದಿತ್ತು, ನಿಧಾನವಾಗಿತ್ತು, ಪ್ರತಿ ಸಾಲಿನ ಕೊನೆಗೆ ಉಸಿರು ಕೇಳುತ್ತಿತ್ತು.

"ಬ್ಯಾಟರಿ ವೀಕು," ಎಂದು ಅಪ್ಪ ರೇಡಿಯೋ ಆರಿಸಿ ತೋಟದಲ್ಲಿ ಕಾಫಿ ಪಿಕಿಂಗ್ ನೋಡಲು ಹೋದರು.

ಮೆಣಸು ಕೇರುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು. "ಮಗಾ, ಪ್ಲೇಟು ಹಾಕಿ ಆ ಕಡ್ಡಿ ಚೂರು ಈಚೆ ತಳ್ಳು, ನೋಡುವ."

ತಳ್ಳಿದೆ. ರೇಡಿಯೋದ ಅದೇ ಮುದುಕಿ ನಮ್ಮ ಜಗಲಿಯಲ್ಲಿ ಹಾಡತೊಡಗಿದಳು. ಮೆಣಸಿನ ರಾಶಿಯೊಳಗೆ ಕೈ ಹೂತುಕೊಂಡು ಅಜ್ಜಿ ಪ್ಲೇಟಿನ ಎರಡೂ ಬದಿ ಕೇಳಿದಳು.

"ಇವಳಿಗೆ ನನ್ನ ಪ್ರಾಯ," ಎಂದಳು.

ಆಮೇಲೆ ಗೇಟಿನ ಕಡೆ ನೋಡಿ, "ಅಪ್ಪ ಬರೋದ್ರೊಳಗೆ ಅವಳನ್ನ ಪುನಃ ಹುಡುಗಿ ಮಾಡಿಡು," ಎಂದಳು.