ವಂಶಾವಳಿ ಓದಿದ ಭಾನುವಾರ

“ಇಂದಿನ ಪಾಠ, ಕರ್ತನ ವಂಶಾವಳಿ,” ಎಂದು ಪಾಸ್ಟರು ಪ್ರಕಟಿಸಿದಾಗ, ಓದಲೆಂದು ಮೈಕಿನ ಮುಂದೆ ಬಂದು ನಿಂತಿದ್ದ ದರ್ಜಿ ಥಟ್ಟನೆ ಅವರತ್ತ ತಿರುಗಿ ನೋಡಿದ. ಅವನು ಬಾಯಿಪಾಠ ಮಾಡಿಕೊಂಡು ಬಂದಿದ್ದು ನಕ್ಷತ್ರದ ಹಿಂದೆ ಹೊರಟ ಜ್ಞಾನಿಗಳ ಕಥೆಯನ್ನು!

ಬಾಯಿಪಾಠ ಯಾಕೆಂದರೆ, ಪುಸ್ತಕದ ಅಕ್ಷರಗಳು ಅವನ ಕಣ್ಣಿಗೆ ಸಕ್ಕರೆ ಡಬ್ಬಿಗೆ ನುಗ್ಗಿದ ಇರುವೆಗಳಂತೆ ಕಾಣತೊಡಗಿ ವರ್ಷವಾಗಿತ್ತು. ಐವತ್ತರ ಹೊಸ್ತಿಲಲ್ಲಿ ಎಲ್ಲರಿಗೂ ಆಗುವುದೇ. ಆದರೆ ಅವನು ಒಪ್ಪಬೇಕಲ್ಲ! ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸಿಕೊಡುವವಳು ಹೆಂಡತಿ. ಭಾನುವಾರದ ಪಾಠವನ್ನು ಗಟ್ಟಿಯಾಗಿ ಓದಿ ಹೇಳುವವಳೂ ಅವಳೇ. ಅವನು ಹೊಲಿಗೆಯಂತ್ರ ತುಳಿಯುತ್ತ ಕೇಳಿ ಕಲಿಯುತ್ತಿದ್ದ. ಅಜ್ಜಿಯ ಬಾಯಿಂದ ಕೀರ್ತನೆಗಳನ್ನು ಕೇಳಿ ಬೆಳೆದ ಕಿವಿ, ಒಮ್ಮೆ ಒಳಗೆ ಹೊಕ್ಕಿದ್ದು ಹೊರಗೆ ಬೀಳುತ್ತಿರಲಿಲ್ಲ. ಪುಸ್ತಕ ಬಿಡಿಸಿ, ಪುಟದ ಮೇಲೆ ಸುಮ್ಮನೆ ಬೆರಳಾಡಿಸುತ್ತ, ಕಂಚಿನ ಕಂಠದಲ್ಲಿ ಅವನು ಒಪ್ಪಿಸುತ್ತಿದ್ದರೆ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರು ಯಾರು ಒರೆಸಿಕೊಂಡರೆಂದು ಅವನು ಓರೆಗಣ್ಣಲ್ಲಿ ನೋಡಿಕೊಳ್ಳುತ್ತಿದ್ದ.

ಈ ವಾರ ಮಾತಿಗೆ ಮಾತು ಬೆಳೆದಿತ್ತು. ಪಾಸ್ಟರಿಗೆ ಹೊಲಿದುಕೊಟ್ಟ ಹೊಸ ನಿಲುವಂಗಿಯಲ್ಲಿ ಗುಂಡಿಗಳದ್ದು ಒಂದು ದಾರಿ, ಕಾಜಾಗಳದ್ದು ಇನ್ನೊಂದು.

“ಪಾಪ, ಅಂಗಿ ಎಳೆದ ಕಡೆಗೆ ವಾಲ್ಕೊಂಡು ನಿಂತಿರ್ತಾರೆ. ಅವರ ಸೊಂಟನೋವಿಗೆ ಜನ ಪ್ರಾರ್ಥನೆ ಮಾಡೋಕೆ ಶುರುಮಾಡಿದ್ದಾರೆ,” ಎಂದಿದ್ದಳು ಹೆಂಡತಿ. “ಒಂದು ಕನ್ನಡಕ ಹಾಕೊಳ್ರೀ.”

“ನನ್ನ ಕಣ್ಣಿನ ಭಾರ ದೇವರ ಮೇಲೆ ಹಾಕಿದ್ದೀನಿ. ನಂಬಿಕೆ ಬೇಕು ಕಣೇ, ನಂಬಿಕೆ!”

“ಹಾಗೋ? ಆಗ್ಲಿ,” ಎಂದು ಅವಳು ತಣ್ಣಗೆ ಪುಸ್ತಕ ತೆರೆದಿದ್ದಳು. ಈ ಸಲದ ಪಾಠ ಯಾವುದೆಂದು ಪಾಸ್ಟರು ಹೇಳಿಕಳಿಸಿದ್ದು ಅವಳಿಗೆ. ಅವಳು ವಾರವಿಡೀ ಓದಿ ಕಲಿಸಿದ್ದು ನಕ್ಷತ್ರದ ಕಥೆ. ಈಗ ಎರಡನೇ ಸಾಲಿನಲ್ಲಿ ಕೂತು, ಏನೂ ಅರಿಯದವಳಂತೆ ತಲೆಯ ಮೇಲಿನ ಫ್ಯಾನು ನೋಡುತ್ತಿದ್ದಾಳೆ!

ಅವನು ಧೈರ್ಯಮಾಡಿ ಶುರುಹಚ್ಚಿಕೊಂಡ. ಅಬ್ರಹಾಮನಿಂದ ಯಾಕೋಬನವರೆಗೆ ರಾಜಮಾರ್ಗ, ಕಣ್ಣುಮುಚ್ಚಿ ಓಡಿದ. ಆಮೇಲೆ ಕೇಳರಿಯದ ಹೆಸರುಗಳ ಕಾಡು. ಪುಸ್ತಕವನ್ನು ದೂರ ಹಿಡಿದ, ಇನ್ನೂ ದೂರ ಹಿಡಿದ. ತೋಳು ಮುಗಿಯಿತೇ ಹೊರತು ಅಕ್ಷರ ಮೂಡಲಿಲ್ಲ. ಗೊತ್ತಿದ್ದ ಹೆಸರೆಂದು ದಾವೀದನನ್ನು ಎಳೆದುತಂದವನು, ಗಾಬರಿಯಲ್ಲಿ ಅವನಿಗೆ ಅವನ ಅಪ್ಪನನ್ನೇ ಮಗನಾಗಿ ಹುಟ್ಟಿಸಿದ. ತಿದ್ದಲು ಹೋಗಿ ಅಜ್ಜನನ್ನು ಮೊಮ್ಮಗನ ತೊಡೆಯ ಮೇಲೆ ಕೂರಿಸಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಾಸ್ಟರು ಸೊಟ್ಟ ಅಂಗಿಯೊಳಗೇ ಕೆಮ್ಮಿದರು.

ಅವನು ಕಣ್ಣು ಮುಚ್ಚಿದ. ‘ಕರ್ತನೇ, ಮಾನ ಕಾಪಾಡು. ಈ ಒಂದು ಪುಟದ ಮಟ್ಟಿಗೆ ಕಣ್ಣು ಕೊಡು!’ ಕಣ್ಣು ಬಿಟ್ಟರೆ ಇರುವೆಗಳು ಇರುವೆಗಳಾಗಿಯೇ ಇದ್ದವು. ದೂರದ್ದು ಮಾತ್ರ ನಿಚ್ಚಳವಾಗಿ ಕಂಡಿತು. ಹೆಂಡತಿ ತನ್ನ ಕನ್ನಡಕವನ್ನು ಎತ್ತಿ ಹಿಡಿದಿದ್ದಳು. ನೇರಳೆ ಬಣ್ಣದ ಚೌಕಟ್ಟು, ಅದಕ್ಕೊಂದು ಮಣಿಸರ ಬೇರೆ.

ಗಂಟಲು ಕಟ್ಟಿದೆ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದು ಕೂತಿತು. ಅದಕ್ಕೆ ತಕ್ಕ ಕೆಮ್ಮೂ ತಯಾರಾಗಿತ್ತು. ಆದರೆ ಕೈಯಲ್ಲಿದ್ದ ಪುಸ್ತಕ ಯಾಕೋ ಭಾರವೆನಿಸಿತು. ಕೆಮ್ಮನ್ನು ನುಂಗಿಕೊಂಡ.

“ನನಗೆ ಅಕ್ಷರ ಕಾಣಲ್ಲ,” ಎಂದ, ಮೈಕಿನಲ್ಲೇ. “ಒಂದು ವರ್ಷದಿಂದ ನಾನು ಓದೇ ಇಲ್ಲ, ಕೇಳಿದ್ದು ಒಪ್ಪಿಸ್ತಿದ್ದೆ. ಕ್ಷಮಿಸ್ಬೇಕು.” ಆಮೇಲೆ, “ಲೇ, ಏನ್ ನೋಡ್ತಿದ್ದೀ? ತಾರೇ ಇಲ್ಲಿ!”

ಚಾವಣಿ ಹಾರಿಹೋಗುವಂತೆ ನಗು ಎದ್ದಿತು. ಕೆನ್ನೆಯ ಮೇಲೆ ಮಣಿಸರ ತೂಗಾಡಿಸಿಕೊಂಡು ಅವನು ಮತ್ತೆ ಅಬ್ರಹಾಮನಿಂದ ತೊಡಗಿದ. ಕಂಚಿನ ಕಂಠವಿಲ್ಲ, ಏರಿಳಿತವಿಲ್ಲ. ಕೈಹೊಲಿಗೆ ಹಾಕುವವನಂತೆ ಒಂದೊಂದೇ ಹೆಸರು ಹಿಡಿದು, ತಡವರಿಸಿ, ಹಿಂದೆ ಬಂದು, ಹುಟ್ಟಿದವರನ್ನೆಲ್ಲ ಅವರವರ ಅಪ್ಪಂದಿರಿಗೆ ಒಪ್ಪಿಸಿ ಕೊನೆ ಮುಟ್ಟಿಸಿದ.

ಮನೆಯ ದಾರಿಯಲ್ಲಿ ಹೆಂಡತಿಯೇ ಮೊದಲು ಬಾಯಿಬಿಟ್ಟಳು. “ಸಿಟ್ಟಾ?”

“ದೇವರ ಹತ್ರ ಕಣ್ಣು ಕೇಳಿದೆ. ನಿನ್ನ ಕೈಲಿ ಕೊಟ್ಟು ಕಳಿಸ್ತಾನೆ ಅಂತ ಯಾರಿಗ್ಗೊತ್ತಿತ್ತು?”

ಅವಳಿಗೆ ನಗು ತಡೆಯಲಾಗಲಿಲ್ಲ. “ಅಲ್ಲಾರೀ, ಕೊನೇವರೆಗೂ ಅಷ್ಟು ಸಮಾಧಾನವಾಗಿ ಹೇಗೆ ಓದಿದ್ರಿ? ಜನ ಬಿದ್ದು ಬಿದ್ದು ನಗ್ತಿದ್ರಲ್ಲ, ನೋಡ್ಲಿಲ್ವಾ?”

“ಎಲ್ಲಿಂದ ನೋಡೋದು?” ಎಂದ ದರ್ಜಿ. “ಇದನ್ನ ಹಾಕ್ಕೊಂಡ್ರೆ ಪುಸ್ತಕದಿಂದಾಚೆ ಎಲ್ಲಾ ಬರೀ ಮಂಜು ಕಣೇ.”