ಸುಖನಿದ್ರೆಯ ದನಿ

"ಸತ್ತವರ ಕೈಲೂ ದುಡಿಸ್ತಿದ್ದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಹಾಸಿಗೆ ಕಂಪನಿಯ ಪ್ರಚಾರ ವಿಭಾಗದ ಮುಖ್ಯಸ್ಥ ಕುರ್ಚಿಯಿಂದ ಅರ್ಧ ಎದ್ದ. ಬಂದ ಹೆಂಗಸು ಗಾಜಿನ ಬಾಗಿಲನ್ನು ಹಾಗೆಯೇ ತೆರೆದು ಬಿಟ್ಟಿದ್ದಳು. ಹೊರಗೆ ಕಂಪ್ಯೂಟರುಗಳ ಮುಂದೆ ಕೂತವರೆಲ್ಲ ತಲೆಯೆತ್ತಿ ನೋಡುತ್ತಿದ್ದರು. ಅವನೇ ಹೋಗಿ ಬಾಗಿಲು ಮುಚ್ಚಿ ಬಂದ.

ಅವಳ ಅಪ್ಪ ಆ ಕಂಪನಿಯ ಜಾಹೀರಾತುಗಳಿಗೆ ದನಿ ಕೊಡುತ್ತಿದ್ದವರು. 'ಸುಖವಾಗಿ ಮಲಗಿ' ಎಂದು ಅವರು ರೇಡಿಯೋದಲ್ಲಿ ಹೇಳಿದರೆ ಕೇಳಿದವರಿಗೆ ಆಕಳಿಕೆ ಬರುತ್ತಿತ್ತು. ಬೇಸಿಗೆಯಲ್ಲಿ ತೀರಿಕೊಂಡರು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಪುಣ್ಯವಂತರ ಸಾವು ಎಂದರು ನೋಡಲು ಬಂದವರು. ದನಿ ಮಾತ್ರ ಸಾಯಲಿಲ್ಲ. ಕಂಪನಿ ಅದನ್ನು ಮೊದಲೇ ಎಐಗೆ ಕಲಿಸಿತ್ತು. ಈಗ ಅದು ಗಿರಾಕಿಗಳ ಪಟ್ಟಿ ನೋಡಿ, ಯಾರಿಗೆ ಯಾವ ಮಾತು ನಾಟುತ್ತದೆ ಎಂದು ಲೆಕ್ಕ ಹಾಕಿ, ಒಬ್ಬೊಬ್ಬರಿಗೂ ಬೇರೆಬೇರೆ ಮಾತು ತಾನೇ ಬರೆದು, ಆ ದನಿಯಲ್ಲಿ ಫೋನ್ ಮಾಡುತ್ತಿತ್ತು. ಪಟ್ಟಿಯಲ್ಲಿ ಅವಳ ಅಮ್ಮನ ನಂಬರೂ ಇತ್ತು.

"ಮೊದಲನೇ ದಿನ ಅಮ್ಮ ಕೈಲಿದ್ದ ತಟ್ಟೆ ಬಿಟ್ಟುಬಿಟ್ರು. 'ನಿದ್ದೆ ಚೆನ್ನಾಗಿ ಬರ್ತಿದೆಯಾ' ಅಂತ ಕೇಳಿತಂತೆ. ಈಗ ದಿನಾ ಸಂಜೆ ಫೋನ್ ಪಕ್ಕದಲ್ಲೇ ಕೂತಿರ್ತಾರೆ. ಅದು ಏನು ಕೊಳ್ಳಿ ಅಂದ್ರೂ ಕೊಳ್ತಾರೆ. ಮನೇಲಿ ಎಲ್ಲಿ ನೋಡಿದ್ರೂ ದಿಂಬು. ನಿಮ್ಮ ಮನೇಲಿ ಎಡವಿ ಬಿದ್ರೂ ಪೆಟ್ಟಾಗಲ್ಲ ಅಂತ ಪಕ್ಕದ ಮನೆಯವರು ನಗ್ತಾರೆ."

ಮುಖ್ಯಸ್ಥ ಆ ನಂಬರು ಹುಡುಕಿ ತೆಗೆದ. ಅವನ ಹುಬ್ಬು ಮೇಲೇರಿತು.

"ವಿಚಿತ್ರ ನೋಡಿ. ಹಾಸಿಗೆ ಅಂದ್ರೆ ನಿಮ್ಮ ತಾಯಿ ಸುಮ್ಮನಿರ್ತಾರೆ. ಹೊದಿಕೆ ಅಂದ್ರೂ ಸುಮ್ಮನೆ. ದಿಂಬು ಅಂದ ತಕ್ಷಣ ಕಳಿಸಿ ಅಂತಾರೆ. ನಾವ್ಯಾರೂ ಹೇಳಿಕೊಟ್ಟಿಲ್ಲ, ಯಂತ್ರ ತಾನೇ ಕಂಡುಕೊಂಡಿದೆ. ಈಗ ಅವರ ಹತ್ತಿರ ಅದಕ್ಕೆ ದಿಂಬಿನ ಮಾತೊಂದೇ."

"'ಅದು ಅಪ್ಪ ಅಲ್ಲ ಅಮ್ಮಾ, ಯಂತ್ರ' ಅಂತ ಎಷ್ಟೋ ಸಲ ಹೇಳಿದೆ. 'ಯಂತ್ರ ಆದ್ರೆ ದಿಂಬಿನ ವಿಷಯ ಅದಕ್ಕೆ ಹೇಗೆ ಗೊತ್ತು' ಅಂತ ನನ್ನನ್ನೇ ಕೇಳ್ತಾರೆ."

ಅವನಿಗೆ ನಗು ಬಂತು. ಕೆಮ್ಮಿ ಮರೆಸಿದ. "ಕ್ಷಮಿಸಿ ಮೇಡಂ. ಈಗಲೇ ಅವರ ನಂಬರ್ ತೆಗೆಸ್ತೀನಿ."

"ಬೇಡ." ಅವಳು ಕುರ್ಚಿ ಎಳೆದು ಕುಳಿತಳು. "ತೆಗೆಯೋದು ಬೇಡ. ಅದರ ಬಾಯಲ್ಲಿ ನನ್ನದೊಂದು ಮಾತು ಹೇಳಿಸಿ, ಸಾಕು."

ಮನೆ ಅಮ್ಮನ ಹೆಸರಿನಲ್ಲಿತ್ತು. ಮೂಲೆಯ ಮನೆ, ಕೆಳಗೆ ಅಂಗಡಿ. ದೂರದಲ್ಲಿರುವ ಅವಳ ತಮ್ಮ ರಜೆಗೆ ಬರುವವನಿದ್ದ. ಅವನು ಬರುವುದರೊಳಗೆ ಮನೆ ತನ್ನ ಹೆಸರಿಗೆ ಆಗಿಬಿಡಬೇಕು ಎಂದು ಅವಳು ಪತ್ರವನ್ನೂ ಸಿದ್ಧ ಮಾಡಿಸಿದ್ದಳು. ಅಮ್ಮ ಜಗ್ಗಲಿಲ್ಲ. ನಿಮ್ಮಪ್ಪ ಕಟ್ಟಿಸಿದ ಮನೆ, ಅವರನ್ನು ಕೇಳದೆ ಹೇಗೆ ಕೊಡಲಿ ಎಂಬುದೊಂದೇ ಹಟ. ಸರಿ, ಅವರಿಂದಲೇ ಹೇಳಿಸಿದರಾಯಿತು. ಅಪ್ಪ ಬದುಕಿದ್ದಾಗಲೂ ಅಮ್ಮ ಅವರು ಎರಡನೆಯ ಸಲ ಕರೆಯುವಂತೆ ಮಾಡಿದವಳಲ್ಲ. ಗೇಟು ಸದ್ದಾದರೆ ಸಾಕು, ಎದ್ದು ನಿಂತುಬಿಡುತ್ತಿದ್ದಳು. ಅಂಥ ಜೋಡಿ ಈಗೆಲ್ಲಿ ಸಿಗುತ್ತದೆ ಎಂದು ಬೀದಿಯಲ್ಲಿ ಮಾತಿತ್ತು.

"ಅದು ಮೋಸ ಆಗುತ್ತೆ ಮೇಡಂ," ಎಂದ ಮುಖ್ಯಸ್ಥ.

"ಗಂಡನ ದನೀಲಿ ಅವನ ಹೆಂಡತಿಗೇ ದಿಂಬು ಮಾರೋದು ಏನಾಗುತ್ತೆ? ಪತ್ರಿಕೆಯವರನ್ನ ಕೇಳೋಣ್ವಾ?"

ಅವನು ಕೀಬೋರ್ಡು ಮುಂದೆಳೆದುಕೊಂಡ. ಅವಳು ಹೇಳಿದ್ದನ್ನು ಟೈಪು ಮಾಡಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಯಂತ್ರ ಅದನ್ನು ತಿದ್ದಿ ತೀಡಿ ಮುಂದಿಟ್ಟಿತು.

"ಕೊನೇಲಿ ದಿಂಬಿನದೂ ಒಂದು ಮಾತು ಸೇರಿಸಿದೆ. ತೆಗೆದುಬಿಡ್ಲಾ?"

"ಇರಲಿ ಬಿಡಿ. ಅದಿಲ್ಲದಿದ್ರೆ ಅಮ್ಮನಿಗೆ ನಂಬಿಕೆ ಬರಲ್ಲ."

ಸಂಜೆ ಅವಳು ಪತ್ರ, ಪೆನ್ನು ಹಿಡಿದು ಅಮ್ಮನ ಮನೆಗೆ ಹೋದಳು. ನಡುಮನೆಯಲ್ಲಿ ದಿಂಬುಗಳನ್ನು ಕಿಟಕಿಯ ಎತ್ತರಕ್ಕೆ ಪೇರಿಸಲಾಗಿತ್ತು. ಒಂದರ ಪ್ಲಾಸ್ಟಿಕ್ಕೂ ಬಿಚ್ಚಿರಲಿಲ್ಲ. ಅಪ್ಪ ಹೋದಾಗಿನಿಂದ ಅಮ್ಮ ಬರಿನೆಲದ ಮೇಲೆ, ತಲೆಯಡಿ ಕೈಯಿಟ್ಟು ಮಲಗುತ್ತಿದ್ದಳು. ದುಃಖ ಒಬ್ಬೊಬ್ಬರದು ಒಂದೊಂದು ಥರ ಎಂದು ಮಗಳು ಆ ಬಗ್ಗೆ ಕೇಳಿರಲಿಲ್ಲ.

"ಅಪ್ಪನ್ನ ಕೇಳ್ಬೇಕು ಅಂದ್ಯಲ್ಲಮ್ಮ. ಇವತ್ತು ಕೇಳು."

ಅಮ್ಮನ ಕಣ್ಣು ಹೆಚ್ಚುತ್ತಿದ್ದ ತರಕಾರಿಯ ಮೇಲಿತ್ತು, ಚಾಕು ಆಡುತ್ತಿರಲಿಲ್ಲ.

ಫೋನ್ ಬಂತು. ಅಮ್ಮ ಅದನ್ನೆತ್ತಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಈ ವಯಸ್ಸಿನಲ್ಲೂ ಹೊಸ ಮದುವಣಗಿತ್ತಿಯ ನಾಚಿಕೆ ನೋಡು ಎಂದು ಮಗಳು ಒಳಗೊಳಗೇ ನಕ್ಕಳು. ಮೆಲ್ಲನೆ ಎದ್ದು ಬಾಗಿಲಿಗೆ ಕಿವಿಯಿಟ್ಟಳು.

ಅಪ್ಪನ ದನಿ ಎಂದಿನಂತೆ ಮೆತ್ತಗಿತ್ತು. "ನಾನೇ ಕಣೇ. ಮಗಳು ತಂದ ಕಾಗದಕ್ಕೆ ಸಹಿ ಮಾಡಿಬಿಡು. ನನ್ನ ಮಾತು ಮೀರಿದವಳಲ್ಲ ನೀನು. ನಿನ್ನ ದಿಂಬನ್ನ ನಾನು ಯಾವತ್ತೂ ಮರೆಯಲ್ಲ."

ಮಗಳು ಪೆನ್ನಿನ ಮುಚ್ಚಳ ತೆಗೆದಳು.

"ಮಾಡ್ತೀನಿ ರೀ," ಎಂದಳು ಅಮ್ಮ, ಪಿಸುದನಿಯಲ್ಲಿ. "ಮನೆ ಕೊಡ್ತೀನಿ, ಏನು ಬೇಕಾದ್ರೂ ಕೊಡ್ತೀನಿ. ಆ ರಾತ್ರಿ ನಿಮ್ಮ ಮುಖದ ಮೇಲೆ ದಿಂಬು ಒತ್ತಿ ಹಿಡಿದವಳು ನಾನೇ ಅಂತ ಮಕ್ಕಳಿಗೆ ಮಾತ್ರ ಹೇಳಬೇಡಿ."