ಸೋಲಿನ ಪ್ಲೇಟು

ರಘುನಂದನ್ ಗ್ರಾಮಫೋನ್ ಪ್ಲೇಟನ್ನು ಎರಡು ಅಂಗೈಗಳ ನಡುವೆ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದ. ಗೀರುಗಳಿದ್ದವು, ಆಳದವಲ್ಲ. ನಡುವಿನ ಕೆಂಪು ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ‘ಸೋಲ್ ಸಂಗ್ರಹ, ಭಾಗ ನಾಲ್ಕು’ ಎಂದಿತ್ತು. ಆರು ವರ್ಷದಿಂದ ಊರೂರು ಅಲೆದು ಹುಡುಕಿದ್ದು ಹಲಗೂರಿನ ಈ ಹೆಂಚಿನ ಮನೆಯಲ್ಲಿ ಸುಮ್ಮನೆ ಕೂತಿತ್ತಲ್ಲ! ಆದರೂ ಮುಖವನ್ನು ಮಾತ್ರ ಬಾಡಿದ ಸೊಪ್ಪು ನೋಡುವವನ ಹಾಗೆ ಇಟ್ಟುಕೊಂಡ. ವ್ಯಾಪಾರದ ಮೊದಲ ಪಾಠವೇ ಅದು.

ಮದ್ದೂರಿನಲ್ಲಿ ಅವನದು ಎಲೆಕ್ಟ್ರಿಕಲ್ ಅಂಗಡಿ. ಹೊಟ್ಟೆಗೆ ಅದು, ಹುಚ್ಚಿಗೆ ಇದು. ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ ಅಂದರೆ ಅವನಿಗೆ ಪ್ರಾಣ. ಬೇರೆಬೇರೆ ಗಾಯಕರ ಹಾಡುಗಳನ್ನು ಒಟ್ಟುಮಾಡಿದ ಎಂಟು ಪ್ಲೇಟುಗಳ ಈ ಸೆಟ್ಟಿನಲ್ಲಿ ಏಳು ಅವನ ಬೀರುವಿನಲ್ಲಿದ್ದವು. ಬಿಡಿಯಾಗಿ ಒಂದಕ್ಕೆ ಎರಡು ಸಾವಿರ ದಾಟದು. ಎಂಟೂ ಕೂಡಿದರೆ ಅರವತ್ತು ಸಾವಿರಕ್ಕೆ ಕಣ್ಣು ಮುಚ್ಚಿ ಕೊಳ್ಳುವವರಿದ್ದರು. ಮಾರುವ ಮಾತು ಆಮೇಲೆ. ಮೊದಲು ಬೀರುವಿನ ಆ ಸಂದು ತುಂಬಬೇಕು. ಮಳವಳ್ಳಿಯ ಗುಜರಿ ಅಪ್ಪು ಫೋನು ಮಾಡಿ, “ಎಲ್ಲಾ ಪ್ಲೇಟೂ ತೂಕಕ್ಕೆ ಕೊಟ್ಲು ಸಾರ್, ಇದೊಂದು ಮಾತ್ರ ಕೊಡಾಕಿಲ್ಲ ಅಂತಾಳೆ ಅಜ್ಜಿ” ಅಂದಾಗ ರಘುನಂದನ್ ನಕ್ಕಿದ್ದ. ಸರಿಯಾದ ಬೆಲೆ ಹೇಳಿದರೆ ಕೊಡದವರು ಈ ಜಿಲ್ಲೆಯಲ್ಲೇ ಹುಟ್ಟಿಲ್ಲ ಎಂಬುದು ಅವನ ಲೆಕ್ಕ.

“ಅವ್ವ, ನೀಟಾಗಿದ್ದಿದ್ರೆ ಎರಡು ಸಾವಿರ ಬಾಳೋದು. ರಟ್ಟಿನ ಕವರಿನ ಮೇಲೆಲ್ಲ ಯಾರೋ ಪೆನ್ನಲ್ಲಿ ಗೀಚವ್ರೆ. ಹಂಗೆ ಬರೆದಿದ್ರೆ ಅರ್ಧ ಬೆಲೆ ಬಿದ್ದೋಯ್ತದೆ. ಸಾವಿರ ಕೊಡ್ತೀನಿ.”

“ಗೀಚಿಲ್ಲ ಕಣಪ್ಪ, ಸರಿಯಾಗಿ ಓದು” ಅಂದಳು ಮನೆಯ ಅಜ್ಜಿ ಚಿಕ್ಕಬೋರಮ್ಮ, ವೀಳ್ಯದೆಲೆಗೆ ಸುಣ್ಣ ಸವರುತ್ತ.

ಓದಿದ. ಅಂಕಯ್ಯ, ಪಂಚಾಯ್ತಿ ಎಲೆಕ್ಷನ್, ಹನ್ನೊಂದು ಓಟು. ಕೆಂಪರಾಜು, ಎಸ್ಸೆಸ್ಸೆಲ್ಸಿ, ಎರಡು ನಂಬರು. ಮಾಯಮ್ಮ, ಜಮೀನಿನ ಕೇಸು, ಮಂಡ್ಯ ಕೋರ್ಟು. ಹೀಗೇ ಮೂಲೆಯವರೆಗೂ ನಲವತ್ತು ಹೆಸರು.

“ಸೋತೋರು” ಅಂದಳು ಮುದುಕಿ. “ನಮ್ಮೆಜಮಾನ್ರು ಮೈಕ್ ಸೆಟ್ ಕರಿಯಪ್ಪ ಅಂತ. ಬೆಂಗ್ಳೂರಲ್ಲಿ ಒಂದು ರಾಸಿ ಪ್ಲೇಟು ಕೊಂಡಾಗ ಇದೂ ಬಂತು. ಮಾರಿದೋನು ಇದು ಸೋಲ್ ಹಾಡು ಅಂದ್ನಂತೆ. ಸೋಲಿನ ಹಾಡ ಮದ್ವೆ ಮನೇಲಿ ಆಕಕ್ಕಾಯ್ತದಾ? ಗೆದ್ದೋರ ಮನೆ ಮುಂದೆ ತಮಟೆ ಇರ್ತದೆ, ಸೋತೋರ ಮನೆ ಕಡೆ ನರಪಿಳ್ಳೆ ತಿರುಗಾಕಿಲ್ಲ. ಇವ್ರು ಮೈಕ್ ಒತ್ಕೊಂಡು ಅಲ್ಲಿಗೋಗಿ ಇದ ಆಕೋರು. ಬಿಟ್ಟಿ. ಅವ್ರು ತೀರ್ಕೊಂಡ್ಮೇಲೆ ಸೋತೋರೇ ಇಲ್ಲಿಗೆ ಬತ್ತಾರೆ.”

ರಘುನಂದನ್‌ಗೆ ನಗು ತಡೆಯಲಾಗಲಿಲ್ಲ. “ಅವ್ವ, ಇದು ಆ ಸೋಲಲ್ಲ. ಇಂಗ್ಲಿಷಿನ ಸೋಲು. ಅಂದ್ರೆ ಆತ್ಮ.”

ಚಿಕ್ಕಬೋರಮ್ಮ ಎಲೆ ಮಡಿಸುವುದನ್ನು ನಿಲ್ಲಿಸಿ ಯೋಚಿಸಿದಳು. “ಆತ್ಮದ್ದು ಅಂತ ಗೊತ್ತಾಗಿದ್ರೆ ತಿಥಿ ಮನೇಲಿ ಆಕ್ಬುಡೋರು. ಸದ್ಯ, ಗೊತ್ತಾಗ್ನಿಲ್ಲ. ಬದುಕಿರೋರಿಗೆ ಆಯ್ತು.”

ಅವನು ಎರಡು ಸಾವಿರಕ್ಕೆ ಬಂದ. ಐದಕ್ಕೆ ಏರಿದ. ಜನ್ಮದಲ್ಲಿ ಮೊದಲ ಸಲ, ಮುಖದ ಬಾಡಿದ ಸೊಪ್ಪನ್ನು ಬಿಸಾಕಿ, ಹತ್ತು ಸಾವಿರ ಅಂದುಬಿಟ್ಟ.

“ಇನ್ನೂ ಸೋಲೋರು ಅವ್ರೆ ಕಣಪ್ಪ” ಅಂದಳು ಅವಳು, ಎಲೆ ಬಾಯಿಗಿಟ್ಟುಕೊಂಡು.

ಅದಕ್ಕೆ ಯಾವ ಬೆಲೆ ಹೇಳುವುದು? ಅವನಿಗೆ ನಿಜಕ್ಕೂ ಸಂಕಟವಾಯಿತು. ಕೈಗೆ ಬಂದ ತುತ್ತು ಬಾಯಿಗಿಲ್ಲ. ಪ್ಲೇಟನ್ನು ಕವರಿಗೆ ಸೇರಿಸಿ ಎದ್ದು ನಿಂತ. ಅಷ್ಟರಲ್ಲಿ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಗೋಡೆಗೊರಗಿ ಚಾಪೆಯ ಮೇಲೆ ಕೂತಳು.

“ಎಷ್ಟ್ರಲ್ಲಿ ಓಯ್ತು ರೂಪಾ?” ಅಂದಳು ಚಿಕ್ಕಬೋರಮ್ಮ.

“ಡೇರಿ ಎಲೆಕ್ಷನ್ನು ಒಂದೋಟಲ್ಲಿ ಸೋತೆ ಕಣವ್ವ.” ರೂಪ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. “ಅದು ನಮ್ಮತ್ತೆ ಓಟು.”

ಮುದುಕಿ ಎದ್ದಳು. ರಘುನಂದನ್ ಕೈಯಿಂದ ಪ್ಲೇಟು ಇಸಕೊಂಡು ಮೂಲೆಯ ಹಳೆಯ ಯಂತ್ರಕ್ಕೆ ಹಾಕಿದಳು. ಅದರ ಮುಳ್ಳು ಕಂಡು ಅವನ ಜೀವ ಹಾರಿತು.

“ಅವ್ವ, ಆ ಮುಳ್ಳು ಮೊಂಡಾಗದೆ. ಒಂದ್ಸಲ ಹಾಕಿದ್ರೆ ಐನೂರು ರೂಪಾಯಿ ಸವೆದೋಯ್ತದೆ.”

“ಸವೀಲಿ. ಸವೀದಿದ್ರೆ ಹಾಡೆಂಗೆ ಬತ್ತದೆ?”

ಕರಕರ ಸದ್ದಿನ ಹಿಂದೆಯೇ ಒಂದು ಹೆಣ್ಣುದನಿ ಎದ್ದಿತು. ಭಾರವಾದ, ಯಾರಿಗೂ ತಲೆಬಾಗದ ದನಿ. ರೂಪಳಿಗೆ ಒಂದು ಪದವೂ ತಿಳಿಯುವಂತಿರಲಿಲ್ಲ. ಆದರೂ ಎರಡನೇ ಸಾಲಿಗೆ ಅವಳ ಬೆರಳು ಸೆರಗನ್ನು ಬಿಟ್ಟವು, ಮೂರನೆಯದಕ್ಕೆ ಕಣ್ಣು ತುಂಬಿದವು, ಹಾಡು ಮುಗಿಯುವ ಹೊತ್ತಿಗೆ ಅತ್ತೆಯ ವಿಷಯಕ್ಕೋ ಏನೋ ಒಬ್ಬಳೇ ನಗುತ್ತಿದ್ದಳು. ಏಳು ಪ್ಲೇಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದ ರಘುನಂದನ್ ಆರು ವರ್ಷದಲ್ಲಿ ಒಂದನ್ನೂ ಹೀಗೆ ಕೇಳಿರಲಿಲ್ಲ. ಬಾಗಿಲಲ್ಲೇ ನಿಂತುಬಿಟ್ಟಿದ್ದ.

ಕಣ್ಣೊರೆಸಿಕೊಂಡ ರೂಪ ಆಗಷ್ಟೇ ಅವನನ್ನು ಗಮನಿಸಿದಳು. “ಇವ್ರ್ಯಾರವ್ವ?”

ಚಿಕ್ಕಬೋರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೇ ಇಟ್ಟಳು.

“ಇವ್ರೂ ಈಗ್ತಾನೆ ಸೋತವ್ರೆ. ಅತ್ಲಾಗ್ ಜರುಗಮ್ಮ, ಕುಂತ್ಕಳ್ಳಿ.”